ಮೊದಲು ಅವನಿಗೆ ಹೇಳಿ, ಆಮೇಲೆ ಊರಿಗೆ: ಎನ್‌ಎಚ್‌ಎಲ್ ಕಮಿಷನರ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ:
ಮಾನ್ಯ ಗ್ಯಾರಿ ಬೆಟ್‌ಮನ್ ಅವರು, ಕಮಿಷನರ್, ನ್ಯಾಷನಲ್ ಹಾಕಿ ಲೀಗ್, ನ್ಯೂಯಾರ್ಕ್
ಹಾಗೂ ಲೀಗಿನ 32 ತಂಡಗಳ ಜನರಲ್ ಮ್ಯಾನೇಜರ್‌ಗಳು

ವಿಷಯ: ಟ್ರೇಡ್ ಆದ (ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟುಬಿಟ್ಟ) ಸುದ್ದಿ ಮೊದಲು ಆಟಗಾರನಿಗೇ ತಲುಪಬೇಕೆಂದು ಕೋರಿ

ಮಾನ್ಯರೇ,

ನಮಸ್ಕಾರಗಳು. ನಾನು ಪಿಟ್ಸ್‌ಬರ್ಗಿನಲ್ಲಿ ಇರುವ ಕನ್ನಡಿಗ. ಊರು ತಿಪಟೂರಿನ ಹತ್ತಿರ. 2007ರ ಚಳಿಗಾಲದಲ್ಲಿ ಇಲ್ಲಿಗೆ ಕೆಲಸಕ್ಕೆ ಬಂದೆ. ಅಲ್ಲಿಯವರೆಗೆ ಹಾಕಿ ಅಂದರೆ ನನ್ನ ಪಾಲಿಗೆ ಕೊಡಗಿನವರು ಮೈದಾನದಲ್ಲಿ ಆಡುವ ಆಟ. ಮಂಜುಗಡ್ಡೆಯ ಮೇಲೆ ಜಾರುತ್ತಾ, ಗುದ್ದಾಡುತ್ತಾ ಆಡುವ ಆಟವೊಂದಿದೆ, ಅದಕ್ಕಾಗಿ ಈ ಊರು ಊಟ ಬಿಡುತ್ತದೆ ಅನ್ನುವುದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಆಫೀಸಿನ ಗೆಳೆಯನೊಬ್ಬ ಹಳೆಯ ಮೆಲನ್ ಅರೇನಾಕ್ಕೆ ಕರೆದುಕೊಂಡು ಹೋದ. ಇಲ್ಲಿನವರು ಅದನ್ನು ಇಗ್ಲೂ ಅನ್ನುತ್ತಿದ್ದರು. ಮೇಲಿನ ಸಾಲಿನ ಅಗ್ಗದ ಸೀಟು. ಅಲ್ಲಿಂದ ಪಕ್, ಅಂದರೆ ಚೆಂಡಿನ ಬದಲು ಇಲ್ಲಿ ಹೊಡೆಯುವ ರಬ್ಬರ್ ಬಿಲ್ಲೆ, ನನಗೆ ಕಾಣಿಸಲೇ ಇಲ್ಲ. ಕಾಣಿಸಿದ್ದು ಒಬ್ಬ ಗೋಲಿ ಮಾತ್ರ.

ಕನ್ನಡ ಓದುಗರಿಗಾಗಿ ಒಂದು ಮಾತು. ಇಲ್ಲಿ ಗೋಲ್‌ಕೀಪರ್‌ನನ್ನು ಪ್ರೀತಿಯಿಂದ 'ಗೋಲಿ' ಅನ್ನುತ್ತಾರೆ. ನಮಗೆ ಗೋಲಿ ಅಂದರೆ ಗಾಜಿನದು. ಆಟದಲ್ಲಿ ಗೆದ್ದವನ ಜೇಬಿಗೆ ಹೋಗುವುದು. ಆಗ ಈ ಹೋಲಿಕೆ ತಮಾಷೆ ಅನ್ನಿಸಿತ್ತು. ಈಗ ಅಷ್ಟು ನಗು ಬರುವುದಿಲ್ಲ.

ಆ ಗೋಲಿಯ ಹೆಸರು ಮಾರ್ಕ್-ಆಂಡ್ರೆ ಫ್ಲೂರಿ. ಕ್ವಿಬೆಕ್‌ನ ಸೊರೆಲ್ ಊರಿನವನು. 2003ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಲ್ಲಿ, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡ ಹುಡುಗ. ಅವನ ಹೆಸರು ಫ್ರೆಂಚ್‌ನ ಹೂವಿನ ಪದಕ್ಕೆ ಹತ್ತಿರ, ಹಾಗಾಗಿ ಜೊತೆಗಾರರು ಅವನನ್ನು ಫ್ಲವರ್ ಅನ್ನುತ್ತಿದ್ದರು. ಪಕ್ ಕಂಬಕ್ಕೆ ಬಡಿದು ಹೊರಗೆ ಹೋದರೆ ಕಂಬವನ್ನೇ ತಟ್ಟುತ್ತಿದ್ದ, ಥ್ಯಾಂಕ್ಸ್ ಹೇಳುವ ಹಾಗೆ. ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಹದಿನಾಲ್ಕು ವರ್ಷ ನಮ್ಮ ಊರಿನವನಾಗಿದ್ದವನನ್ನು 'ಅವರು' ಅನ್ನಲು ನಾಲಿಗೆ ಏಳುವುದಿಲ್ಲ.

ಫ್ಲೂರಿ 2025ರಲ್ಲಿ ನಿವೃತ್ತನಾದ. ಅವನಿಗೆ ಈ ಪತ್ರದಿಂದ ಆಗಬೇಕಾದದ್ದು ಏನೂ ಇಲ್ಲ. ಆದರೂ ಅವನ ಕಥೆಯನ್ನೇ ಹಿಡಿದು ಬರೆಯುತ್ತಿದ್ದೇನೆ. ನಾನು ಮೊದಲಿಂದ ಕೊನೆಯವರೆಗೆ ನೋಡಿದ ಕಥೆ ಅದೊಂದೇ. ಮತ್ತೆ ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಬಂತೆಂದರೆ ಇನ್ನೊಬ್ಬ ಗೋಲಿಯ ಹೆಸರು ಹಾಗೇ ಬಾಯಿಂದ ಬಾಯಿಗೆ ಓಡಾಡಲು ಶುರುವಾಗುತ್ತದೆ.

ಶುರುವಿನಲ್ಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಟ್ರೇಡ್ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಸಂಬಳಕ್ಕೆ ಮಿತಿ ಇದೆ, ವಯಸ್ಸು ಯಾರನ್ನೂ ಬಿಡುವುದಿಲ್ಲ, ಹೊಸ ಹುಡುಗರಿಗೆ ಜಾಗ ಬೇಕು. ಇದೆಲ್ಲ ಗೊತ್ತು. ನನ್ನ ದೂರು ಸುದ್ದಿ ಯಾರಿಗೆ ಮೊದಲು ತಲುಪುತ್ತದೆ ಅನ್ನುವುದರ ಬಗ್ಗೆ ಮಾತ್ರ.

2009ರ ಜೂನ್ 12 ನನಗೆ ಚೆನ್ನಾಗಿ ನೆನಪಿದೆ. ಡೆಟ್ರಾಯ್ಟ್‌ನಲ್ಲಿ ಫೈನಲ್ ಸರಣಿಯ ಏಳನೇ, ಕೊನೆಯ ಪಂದ್ಯ. 2-1ರಲ್ಲಿ ನಾವು ಮುಂದೆ. ಕೊನೆಯ ಕ್ಷಣದಲ್ಲಿ ನಿಕ್ಲಾಸ್ ಲಿಡ್‌ಸ್ಟ್ರಮ್ ಹೊಡೆದ ಪಕ್‌ಗೆ ಫ್ಲೂರಿ ಅಡ್ಡ ಹಾರಿದ. ಲೀಗಿನ ದೊಡ್ಡ ಪ್ರಶಸ್ತಿ ಸ್ಟ್ಯಾನ್ಲಿ ಕಪ್ ನಮ್ಮದಾಯಿತು. ಅಂಥವನ ಮೇಲೆ ಗಾಳಿಸುದ್ದಿ ಹಬ್ಬಲು ಏಳು ವರ್ಷ ಬೇಕಾಯಿತು. 2016ರಲ್ಲಿ ತಲೆಗೆ ಪೆಟ್ಟು ಬಿದ್ದು ಅವನು ಹೊರಗೆ ಕೂತ. ಅವನಿಗಿಂತ ಸುಮಾರು ಹತ್ತು ವರ್ಷ ಚಿಕ್ಕವನಾದ ಮ್ಯಾಟ್ ಮರ್ರಿ ಬಂದು ಕಪ್ ಗೆದ್ದುಕೊಟ್ಟ. ಅಲ್ಲಿಗೆ ಲೆಕ್ಕ ಶುರುವಾಯಿತು. ಒಂದು ತಂಡಕ್ಕೆ ಇಬ್ಬರು ಒಳ್ಳೆಯ ಗೋಲಿಗಳು, ಆದರೆ ಕಾಯಲು ಇರುವುದು ಒಂದೇ ಬಲೆ. ಮುಂದಿನ ವರ್ಷ ಲಾಸ್ ವೇಗಸ್‌ಗೆ ಹೊಸ ತಂಡ ಬರುತ್ತದೆ, ಹಳೆಯ ತಂಡಗಳು ಒಬ್ಬ ಗೋಲಿಯನ್ನು ಮಾತ್ರ ಉಳಿಸಿಕೊಳ್ಳಬಹುದು. ಫ್ಲೂರಿಯ ಒಪ್ಪಂದದಲ್ಲಿ ನೋ-ಮೂವ್‌ಮೆಂಟ್ ಕ್ಲಾಸ್ ಇತ್ತು, ಅಂದರೆ ಅವನನ್ನು ಕೇಳದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಅನ್ನುವ ಷರತ್ತು. ಅವನು ಬೇಡ ಅಂದಿದ್ದರೆ ಪೆಂಗ್ವಿನ್ಸ್ ಅವನನ್ನೇ ಉಳಿಸಿಕೊಂಡು ಮರ್ರಿಯನ್ನು ಬಿಡಬೇಕಾಗುತ್ತಿತ್ತು. ಅವನು ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟ.

ಆ ಸೀಸನ್ ಪೂರ್ತಿ ಈ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಕಾರಿನ ರೇಡಿಯೋದಲ್ಲಿ, ದಿನಸಿ ಅಂಗಡಿಯಲ್ಲಿ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲು ನಿಂತಾಗಲೂ ಅದೇ. ಯಾವ ಊರಿಗೆ ಹೋಗುತ್ತಾನೆ? ಯಾವಾಗ? ಬದಲಿಗೆ ಏನು ಸಿಗುತ್ತದೆ? ನಾನೂ ಸಾಚಾ ಅಲ್ಲ. 2017ರ ಮಾರ್ಚ್ 1, ಡೆಡ್‌ಲೈನ್ ದಿನ, ಆ ಸೀಸನ್ನಿನ ಟ್ರೇಡ್‌ಗಳಿಗೆ ಗಡುವು. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಯಾರೋ ಕಳಿಸಿದ ಒಂದು ಸುದ್ದಿಯನ್ನು ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಹಾಕಿದೆ, 'ಹೋದನಂತೆ' ಅಂತ. ಅದು ಸುಳ್ಳು. ಮಧ್ಯಾಹ್ನ 3 ಗಂಟೆಗೆ ಗಡುವು ಮುಗಿಯಿತು. ಅವನು ಎಲ್ಲಿಗೂ ಹೋಗಿರಲಿಲ್ಲ. ನಾನು ಆ ಮೆಸೇಜನ್ನು ಅಳಿಸಿ, ಒಂದು ನಗುಮುಖ ಹಾಕಿ ಸುಮ್ಮನಾದೆ.

ಮುಂದೆ ಆದದ್ದನ್ನು ಜನರಲ್ ಮ್ಯಾನೇಜರ್‌ಗಳು ಸ್ವಲ್ಪ ನಿಧಾನವಾಗಿ ಓದಬೇಕು. ಏಪ್ರಿಲ್ 12, ಪ್ಲೇಆಫ್‌ನ, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್ ಸರಣಿಗಳ, ಮೊದಲ ಪಂದ್ಯ, ಕೊಲಂಬಸ್ ಎದುರು. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲೇ ಮರ್ರಿಗೆ ಪೆಟ್ಟಾಯಿತು. ಫ್ಲೂರಿ ಹೆಲ್ಮೆಟ್ ಹಾಕಿಕೊಂಡು ಒಳಗೆ ಬಂದ. ಕೊಲಂಬಸ್ ಸೋತಿತು. ವಾಷಿಂಗ್ಟನ್ ಎದುರು ಏಳನೇ ಪಂದ್ಯ ಅವರದೇ ಊರಿನಲ್ಲಿ. ಒಂದು ಗೋಲನ್ನೂ ಬಿಡದೆ 2-0ರಲ್ಲಿ ಗೆಲ್ಲಿಸಿದ. ಆಮೇಲೆ ಒಟ್ಟಾವಾ ಎದುರಿನ ಮೂರನೇ ಪಂದ್ಯದಲ್ಲಿ, ಆಟದ ಮೂರು ಪೀರಿಯಡ್‌ಗಳಲ್ಲಿ ಮೊದಲನೆಯದಕ್ಕೇ ನಾಲ್ಕು ಗೋಲು ಬಿಟ್ಟ. ಮರ್ರಿ ವಾಪಸ್ ಬಂದ, ಕಪ್ ಬಂತು. ಕಪ್ಪಿಗೆ 16 ಗೆಲುವು ಬೇಕು. ಅದರಲ್ಲಿ 9 ಫ್ಲೂರಿಯವು. ಇಡೀ ವರ್ಷ 'ಹೋಗುತ್ತಾನೆ, ಹೋಗುತ್ತಾನೆ' ಅನ್ನಿಸಿಕೊಂಡವನವು. ನ್ಯಾಶ್‌ವಿಲ್‌ನಲ್ಲಿ ಕಪ್ ಕೈಗೆ ಬಂದಾಗ ಅವನು ಅದನ್ನು ಎತ್ತಿ ತಿರುಗಿಸಿ ಮರ್ರಿಯ ಕೈಗೆ ಕೊಟ್ಟ. ಹತ್ತು ದಿನ ಕಳೆದ ಮೇಲೆ ವೇಗಸ್ ತಂಡದ ಜರ್ಸಿ ಹಾಕಿಕೊಂಡ. ಈ ಊರಿಗೆ ಅವನು ಕೊಟ್ಟ ಬೀಳ್ಕೊಡುಗೆ ಏನು ಗೊತ್ತಾ? ಮೆಕೀಸ್ ರಾಕ್ಸ್‌ನಲ್ಲಿ ಮಕ್ಕಳಿಗೆ ಆಡಲು ಒಂದು ಪ್ಲೇಗ್ರೌಂಡ್. ಅಂದ ಹಾಗೆ ಬೀಳ್ಕೊಡುಗೆ ಕೊಡಬೇಕಾದವರು ಉಳಿದವರು, ಹೊರಟವನಲ್ಲ. ನಮ್ಮ ಕಡೆ ಹಾಗೆ.

ಈ ಭಾಗದಲ್ಲಿ ನನಗೆ ಯಾರ ಮೇಲೂ ದೂರಿಲ್ಲ. ನೋವಾಯಿತು, ಆದರೆ ಮುಚ್ಚುಮರೆ ಇರಲಿಲ್ಲ. ಅವನನ್ನು ಕೇಳಿದರು, ಅವನು ಒಪ್ಪಿದ. ದೂರಿರುವುದು ಆಮೇಲಿನದರ ಬಗ್ಗೆ.

ವೇಗಸ್‌ನಲ್ಲಿ ಮೊದಲ ವರ್ಷವೇ ಹೊಸ ತಂಡವನ್ನು ಫೈನಲ್‌ವರೆಗೆ ಕರೆದೊಯ್ದ. ಆ ಮರಳುಗಾಡಿನ ಊರಿನ ಮಕ್ಕಳು ಮೊದಲು ಕಲಿತ ಹಾಕಿ ಹೆಸರು ಬಹುಶಃ ಅವನದೇ. 2018ರ ಜುಲೈನಲ್ಲಿ ಅವನಿಗೆ ಮೂರು ವರ್ಷದ ಹೊಸ ಒಪ್ಪಂದ ಕೊಟ್ಟರು, ವರ್ಷಕ್ಕೆ 70 ಲಕ್ಷ ಡಾಲರ್. 2020ರ ಫೆಬ್ರವರಿ 24, ಮತ್ತೆ ಡೆಡ್‌ಲೈನ್ ದಿನ. ವೇಗಸ್ ತಂಡ ರಾಬಿನ್ ಲೆನರ್ ಅನ್ನುವ ಗೋಲಿಯನ್ನು ತಂದಿತು. ಆ ಬೇಸಿಗೆಯ ಪ್ಲೇಆಫ್‌ನಲ್ಲಿ ಹೆಚ್ಚಾಗಿ ಆಡಿದ್ದು ಲೆನರ್. ಆಗಸ್ಟ್‌ನಲ್ಲಿ ಫ್ಲೂರಿಯ ಏಜೆಂಟ್ ಆಲನ್ ವಾಲ್ಶ್ ಟ್ವಿಟರಿನಲ್ಲಿ ಒಂದು ಚಿತ್ರ ಹಾಕಿದ. ಫ್ಲೂರಿಯ ಬೆನ್ನಿಗೆ ಕತ್ತಿ ಇರಿದ ಹಾಗೆ, ಕತ್ತಿಯ ಮೇಲೆ ಕೋಚ್ ಡಿಬೋರ್ ಹೆಸರು. ಅದು ಸರಿ ಅಂತ ನಾನು ಹೇಳುವುದಿಲ್ಲ. ಫ್ಲೂರಿಯೂ ಹೇಳಲಿಲ್ಲ, ಅದನ್ನು ತೆಗೆಸಿದ. ಆದರೆ ಒಳಗಿನ ಮಾತು ಒಳಗೆ ಆಗದಿದ್ದರೆ ಹೀಗೇ ಬೀದಿಗೆ ಬರುತ್ತದೆ ಅಲ್ವಾ?

ಅಕ್ಟೋಬರ್‌ನಲ್ಲಿ ಲೆನರ್‌ಗೆ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಒಪ್ಪಂದವಾಯಿತು. ಲೆಕ್ಕ ಎಲ್ಲರಿಗೂ ಕಾಣುತ್ತಿತ್ತು. ಇಡೀ ತಂಡದ ಸಂಬಳದ ಮಿತಿ 8.15 ಕೋಟಿ. ಕೋವಿಡ್ ಕಾರಣಕ್ಕೆ ಆ ಮಿತಿ ಮೇಲೆ ಏರಲೇ ಇಲ್ಲ. ಅದರಲ್ಲಿ 1.2 ಕೋಟಿ ಇಬ್ಬರು ಗೋಲಿಗಳಿಗೇ ಹೋಗುತ್ತಿತ್ತು. ಮತ್ತೆ ಶುರುವಾಯಿತು. ಯಾರು ಕೊಳ್ಳುತ್ತಾರೆ? ಅರ್ಧ ಸಂಬಳದ ಭಾರ ವೇಗಸ್ ತಾನೇ ಹೊರುತ್ತದಾ? ಮೂವತ್ತಾರು ವರ್ಷದವನನ್ನು ಯಾರು ಕೇಳುತ್ತಾರೆ? ಅವನು ಬಾಯಿ ಬಿಡಲಿಲ್ಲ. ಆ ಸೀಸನ್ 36 ಪಂದ್ಯ ಆಡಿದ, 26 ಗೆದ್ದ. ಪಂದ್ಯಕ್ಕೆ ಸರಾಸರಿ 1.98 ಗೋಲು ಬಿಟ್ಟ. 2021ರ ಜೂನ್‌ನಲ್ಲಿ ಅವನಿಗೆ ವೆಜಿನಾ ಟ್ರೋಫಿ ಸಿಕ್ಕಿತು. ಆ ವರ್ಷದ ಅತ್ಯುತ್ತಮ ಗೋಲಿ. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ.

ಜನರಲ್ ಮ್ಯಾನೇಜರ್ ಮಹಾಶಯರೇ, ವೆಜಿನಾಗೆ ವೋಟು ಹಾಕುವವರು ಪತ್ರಕರ್ತರಲ್ಲ, ನೀವು. ನೀವೇ ಕೂತು ಆರಿಸಿದ ಗೋಲಿ ಅವನು. ಅದಾಗಿ ಸುಮಾರು ಒಂದು ತಿಂಗಳಿಗೆ, ಜುಲೈ 27ರಂದು, ಅವನನ್ನು ಷಿಕಾಗೋಗೆ ಕಳಿಸಿದರು. ಬದಲಿಗೆ ಬಂದವನು ಮೈನರ್ ಲೀಗಿನ ಒಬ್ಬ ಹುಡುಗ. ಅಂದರೆ ಸಂಬಳದ ಭಾರ ಇಳಿಸಿಕೊಂಡರು, ಅಷ್ಟೆ. ಅದೂ ಇರಲಿ, ವ್ಯವಹಾರ. ಆ ದಿನ ವಾಲ್ಶ್ ಹಾಕಿದ ಟ್ವೀಟಿನ ಸಾರ ಇಷ್ಟು: ವೇಗಸ್ ತಂಡದ ಯಾರೂ ಫ್ಲೂರಿಗೆ ಇನ್ನೂ ಏನೂ ಹೇಳಿಲ್ಲ, ಆದರೂ ಅವನು ಷಿಕಾಗೋಗೆ ಟ್ರೇಡ್ ಆಗಿದ್ದಾನಂತೆ, ಮುಂದೆ ಆಡಬೇಕೋ ಬೇಡವೋ ಎಂದು ಮನೆಯವರ ಜೊತೆ ಕೂತು ಯೋಚಿಸುತ್ತಾನೆ. 'ಅಂತೆ' ಅನ್ನುವ ಪದ ನೋಡಿ. ತನ್ನದೇ ಬದುಕಿನ ಸುದ್ದಿಗೆ 'ಅಂತೆ'. ವೇಗಸ್‌ನವರು ತಮ್ಮ ಕಡೆಯ ಮಾತನ್ನೂ ಆಮೇಲೆ ಹೇಳಿಕೊಂಡರು. ಯಾರು ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರು ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಅಂಥ ಜಗಳಕ್ಕೆ ಅವಕಾಶವೇ ಇಲ್ಲದ ಹಾಗೆ ನಿಯಮ ಇರಬೇಕಿತ್ತು ಅನ್ನುವುದಷ್ಟೇ ನನ್ನ ಮಾತು.

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಅಂತ ಹೇಳಿಬಿಡುತ್ತೇನೆ. ನಮ್ಮಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಮ್ಮ ಕಡೆ ಮೇ, ಜೂನ್ ಅಂದರೆ ಮಳೆಗಿಂತ ಮೊದಲು ಬರುವುದು ವರ್ಗಾವಣೆ ಪಟ್ಟಿ. ನಾನು ಆರನೇ ಕ್ಲಾಸಿನಲ್ಲಿದ್ದೆ. ಒಂದು ಬೆಳಿಗ್ಗೆ ಅಪ್ಪನ ಜೊತೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋಗಿದ್ದೆ. ಗಲ್ಲಾ ಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕ ಚಿಲ್ಲರೆ ಎಣಿಸುತ್ತಾ ಕೇಳಿದ, 'ಏನ್ ಸಾರ್, ಸುರಪುರಕ್ಕಂತೆ?' ಅಪ್ಪ ನಕ್ಕು, 'ಹೌದಾ? ನಂಗೇ ಗೊತ್ತಿಲ್ವಲ್ಲ' ಅಂದರು. ಅವತ್ತು ಸಂಜೆ ಅವರು ಟಿಫನ್ ಡಬ್ಬಿಯನ್ನು ತೆರೆಯದೆ ಹಾಗೇ ವಾಪಸ್ ತಂದಿದ್ದರು. ಅಕ್ಕ ಎಸ್‌ಎಸ್‌ಎಲ್‌ಸಿಗೆ ಕಾಲಿಟ್ಟಿದ್ದಳು. ಅಮ್ಮ ಪಕ್ಕದ ಮನೆಯವರಿಂದ ಸುದ್ದಿ ಕೇಳಿ ಆಗಲೇ ಅತ್ತಿದ್ದಳು. ಆರ್ಡರ್ ಕಾಗದ ಬಂದದ್ದು ಮೂರು ದಿನ ಬಿಟ್ಟು. ಅಪ್ಪ ಸುರಪುರಕ್ಕೆ ಹೋದರು, ಅಲ್ಲಿ ನಾಲ್ಕು ವರ್ಷ ಚೆನ್ನಾಗೇ ಇದ್ದರು, ಅಲ್ಲಿನ ಜನರನ್ನು ಈಗಲೂ ನೆನೆಯುತ್ತಾರೆ. ವರ್ಗಾವಣೆಯನ್ನು ಅವರು ಎಂದೋ ಮರೆತರು. ಆ ಹೋಟೆಲಿನ ಬೆಳಿಗ್ಗೆಯನ್ನು ಮಾತ್ರ ಮರೆತಿಲ್ಲ. ಮೊನ್ನೆ ಫೋನಿನಲ್ಲಿ ಫ್ಲೂರಿಯ ಕಥೆ ಹೇಳಿದೆ. ಹಾಕಿಯ ಗಂಧವೇ ಇಲ್ಲದ ಮನುಷ್ಯ, ಒಂದೇ ಪ್ರಶ್ನೆ ಕೇಳಿದರು: 'ಅವನಿಗೆ ಯಾರು ಹೇಳಿದ್ರಂತೆ?'

ವರ್ಷಕ್ಕೆ 70 ಲಕ್ಷ ಡಾಲರ್ ಎಣಿಸುವವನಿಗೂ ಗುಮಾಸ್ತನಿಗೂ ಎಲ್ಲಿಯ ಹೋಲಿಕೆ ಅಂತ ನನ್ನ ಆಫೀಸಿನ ಗೆಳೆಯರೇ ಕೇಳುತ್ತಾರೆ. ದುಡ್ಡು ತಗೋತಾನೆ, ಅನುಭವಿಸಲಿ ಅಂತ. ದುಡ್ಡು ಕೊಡುವುದು ಆಡುವುದಕ್ಕೆ. ತನ್ನ ಮನೆ ಯಾವ ಊರಿನಲ್ಲಿ ಅನ್ನುವುದನ್ನು ಕೊನೆಯವನಾಗಿ ತಿಳಿಯುವುದಕ್ಕಲ್ಲ. ಅವನಿಗೂ ಮೂವರು ಮಕ್ಕಳು, ಸ್ಕೂಲು, ಗೆಳೆಯರು. ಮತ್ತೆ ಮೊದಲು ಅವನಿಗೆ ಹೇಳುವುದಕ್ಕೆ ನಿಮ್ಮ ಸಂಬಳದ ಮಿತಿಯಿಂದ ಒಂದು ಡಾಲರೂ ಖರ್ಚಾಗುವುದಿಲ್ಲ.

ಇದರಲ್ಲಿ ಗೋಲಿಯ ಕಷ್ಟ ಸ್ವಲ್ಪ ಬೇರೆ. ಫಾರ್ವರ್ಡ್ ಆಟಗಾರ ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಹೋಗಿ ಕೂರುತ್ತಾನೆ. ಮನಸ್ಸು ಎಲ್ಲೋ ಇದ್ದರೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳಬಹುದು. ಗೋಲಿ 60 ನಿಮಿಷ ಒಬ್ಬನೇ ನಿಂತಿರಬೇಕು. ಅವನ ಒಂದು ಗಳಿಗೆಯ ಗೈರುಹಾಜರಿ ಬೋರ್ಡಿನ ಮೇಲೆ ಅಂಕಿಯಾಗಿ ಬೀಳುತ್ತದೆ. ಹಿಂದಿನಿಂದ ಹದಿನೆಂಟು ಸಾವಿರ ಜನ ಅವನ ಹೆಸರನ್ನು ರಾಗವಾಗಿ ಕೂಗುತ್ತಾರೆ. ಪ್ರೀತಿಗೂ ಅದೇ ರಾಗ, ಗೇಲಿಗೂ ಅದೇ ರಾಗ.

ಹಳೆಯ ಕಥೆಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬೆಟ್‌ಮನ್ ಅವರೇ. 1993ರಿಂದ ನೀವು ಆ ಕುರ್ಚಿಯಲ್ಲಿದ್ದೀರಿ. 1995ರ ಡಿಸೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಪ್ಯಾಟ್ರಿಕ್ ರುವಾ ಒಂಬತ್ತು ಗೋಲು ಬಿಡುವವರೆಗೆ ಕೋಚ್ ಅವನನ್ನು ಒಳಗೇ ನಿಲ್ಲಿಸಿದರು. ಹೊರಗೆ ಬಂದವನೇ ಬೆಂಚಿನ ಹಿಂದೆ ಕೂತಿದ್ದ ಕ್ಲಬ್ಬಿನ ಅಧ್ಯಕ್ಷರ ಕಡೆ ಬಗ್ಗಿ, ಇದೇ ನನ್ನ ಕೊನೆಯ ಪಂದ್ಯ ಅಂದ. ನಾಲ್ಕನೇ ದಿನಕ್ಕೆ ಕೊಲರಾಡೋಗೆ ಟ್ರೇಡ್. ವ್ಯಾಂಕೂವರ್‌ನ ರೊಬರ್ಟೊ ಲುವಾಂಗೊ ಕಥೆ ಇದಕ್ಕಿಂತ ನಿಧಾನವಾಗಿ ಸುಟ್ಟದ್ದು. 12 ವರ್ಷ, 6.4 ಕೋಟಿ ಡಾಲರಿನ ಒಪ್ಪಂದ ಅವನ ಕಾಲಿಗೇ ಸುತ್ತಿಕೊಂಡಿತು. 2013ರ ಏಪ್ರಿಲ್‌ನಲ್ಲಿ ಡೆಡ್‌ಲೈನ್ ಮುಗಿದು, ಕೊಳ್ಳುವವರು ಸಿಗದೆ, ಪತ್ರಕರ್ತರ ಮುಂದೆ ಕೂತು 'ನನ್ನ ಕಾಂಟ್ರ್ಯಾಕ್ಟೇ ದರಿದ್ರ' ಅಂದುಬಿಟ್ಟ. ಎಲ್ಲರೂ ನಕ್ಕರು. ಅವನ ಮುಖ ನೋಡಿದವರಿಗೆ ನಗು ಬರುತ್ತಿರಲಿಲ್ಲ. ಆ ಜೂನ್‌ನಲ್ಲಿ ಅವನ ಬದಲು ಕಿರಿಯ ಗೋಲಿ ಶ್ನೈಡರ್‌ನನ್ನೇ ಮಾರಿದರು. ಮುಂದಿನ ಮಾರ್ಚ್‌ನಲ್ಲಿ ಊರಿನ ದೊಡ್ಡ ಸ್ಟೇಡಿಯಂ ಪಂದ್ಯಕ್ಕೆ ಅವನನ್ನು ಬೆಂಚಿನಲ್ಲಿ ಕೂರಿಸಿದರು. ಎರಡು ದಿನ ಬಿಟ್ಟು ಫ್ಲೋರಿಡಾಗೆ ಕಳಿಸಿದರು. ಹೆಚ್ಚು ಕಡಿಮೆ ಎರಡು ವರ್ಷ ಆ ಮನುಷ್ಯ ಹೊಸ್ತಿಲ ಮೇಲೆ ನಿಂತಿದ್ದ. ಒಳಗೂ ಇಲ್ಲ, ಹೊರಗೂ ಇಲ್ಲ.

ನಮ್ಮಲ್ಲಿ ಎಲ್ಲ ಸರಿ ಇದೆ ಅಂತಲೂ ಅಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕೊರಿಯಾದ ಹೊಡೆತಗಳನ್ನು ತಡೆದು ಭಾರತಕ್ಕೆ ಚಿನ್ನ ತಂದುಕೊಟ್ಟ ಗೋಲ್‌ಕೀಪರ್ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. 32 ವರ್ಷದ ಮೇಲೆ ಬಂದ ಚಿನ್ನ. ಅದರ ಬೆನ್ನಲ್ಲೇ ಅವರನ್ನೂ ನಾಯಕ ಧನರಾಜ್ ಪಿಳ್ಳೈ ಅವರನ್ನೂ ತಂಡದಿಂದ ಕೈಬಿಟ್ಟರು. ಕುರ್ಚಿಯಲ್ಲಿ ಕೂತವರ ಬುದ್ಧಿ ಮಂಜಿನ ಮೇಲೂ ಒಂದೇ, ಹುಲ್ಲಿನ ಮೇಲೂ ಒಂದೇ ಅಂತ ಆಗ ನಮ್ಮ ಪಿಇ ಮೇಷ್ಟ್ರು ಇದ್ದಿದ್ದರೆ ಅನ್ನುತ್ತಿದ್ದರೇನೋ.

ಸರಿಯಾಗಿ ಮಾಡಬಹುದು ಅನ್ನುವುದಕ್ಕೂ ಫ್ಲೂರಿಯ ಬದುಕಿನಲ್ಲೇ ಸಾಕ್ಷಿ ಇದೆ. ಷಿಕಾಗೋದಲ್ಲಿ ತಂಡ ಸೋಲುತ್ತಾ ಕುಸಿದಿತ್ತು. ಆದರೂ 2021ರ ಡಿಸೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಅವನು ಹುಟ್ಟಿದ ಊರಿಂದ ಕೂಗಳತೆ ಅನ್ನಬಹುದಾದ ದೂರದಲ್ಲಿ, 2-0ರಲ್ಲಿ ಗೆದ್ದು 500ನೇ ಗೆಲುವು ಮುಟ್ಟಿದ. ಅಲ್ಲಿಯವರೆಗೆ ಅಷ್ಟು ಗೆದ್ದವರು ಮಾರ್ಟಿನ್ ಬ್ರೊಡೂರ್ ಮತ್ತು ರುವಾ ಇಬ್ಬರೇ. ಹೊಸ ವರ್ಷ ಬರುತ್ತಿದ್ದಂತೆ ಮತ್ತೆ ಅದೇ ರಾಗ, ಅವನ ಹೆಸರಿಗೆ ದಿನಕ್ಕೊಂದು ಊರು. ಆಗ ಷಿಕಾಗೋದ ಜನರಲ್ ಮ್ಯಾನೇಜರ್ ಕೈಲ್ ಡೇವಿಡ್‌ಸನ್ ಒಂದು ಕೆಲಸ ಮಾಡಿದರು. ಹೋಗುವುದು ಬಿಡುವುದು ಫ್ಲೂರಿಯ ಇಷ್ಟ, ಅವನನ್ನು ಕೇಳದೆ ಏನೂ ಮಾಡುವುದಿಲ್ಲ ಅನ್ನುವುದನ್ನು ಬಹಿರಂಗವಾಗಿಯೇ ಹೇಳಿದರು. 2022ರ ಮಾರ್ಚ್ 21ರಂದು ಅವನು ಮಿನೆಸೋಟಾಗೆ ಹೋದ, ಒಪ್ಪಿಕೊಂಡು. ಅಲ್ಲಿನ ಜನರಲ್ ಮ್ಯಾನೇಜರ್ ಬಿಲ್ ಗೆರಿನ್, 2009ರಲ್ಲಿ ಅವನ ಜೊತೆ ಕಪ್ ಎತ್ತಿದ ಗೆಳೆಯ. ಅಲ್ಲೇ ಮೂರು ವರ್ಷಕ್ಕೂ ಹೆಚ್ಚು ಉಳಿದ. 2024ರ ಜನವರಿಯಲ್ಲಿ 552ನೇ ಗೆಲುವಿನೊಂದಿಗೆ ರುವಾನನ್ನು ದಾಟಿದ. 575ರಲ್ಲಿ ನಿಲ್ಲಿಸಿದ. ಅವನನ್ನು ಕೇಳಿದ್ದರಿಂದ ಷಿಕಾಗೋಗೆ ಏನು ನಷ್ಟವಾಯಿತು? ಬದಲಿಗೆ ಡ್ರಾಫ್ಟ್‌ನಲ್ಲಿ ಹುಡುಗನನ್ನು ಆರಿಸುವ ಒಂದು ಸರದಿ ಬಂತು. ಮರ್ಯಾದೆಯೂ ಉಳಿಯಿತು.

ಹಾಗಾದರೆ ನಾನು ಕೇಳುವುದು ಏನು?

ನಿಮ್ಮ ಲೀಗಿನಲ್ಲಿ ಟ್ರೇಡ್ ಕಾಲ್ ಅನ್ನುವ ಪದ್ಧತಿ ಇದೆ. ಎರಡು ತಂಡದವರೂ ಲೀಗಿನ ನೋಂದಣಿ ವಿಭಾಗದ ಜೊತೆ ಫೋನಿನಲ್ಲಿ ಸೇರಿ, ಯಾರು ಹೋಗುತ್ತಾರೆ, ಯಾರು ಬರುತ್ತಾರೆ, ಸಂಬಳ ಎಷ್ಟು ಅಂತ ಓದಿ ಹೇಳಬೇಕು. ಅದು ಮುಗಿಯುವವರೆಗೆ ಟ್ರೇಡ್ ಟ್ರೇಡ್ ಅಲ್ಲ. ಆ ಕಾಲ್‌ನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: 'ಆಟಗಾರನಿಗೆ ಹೇಳಿದ್ದೀರಾ? ಯಾರು ಹೇಳಿದರು?' ಉತ್ತರ 'ಇಲ್ಲ' ಆದರೆ ನೋಂದಣಿ ನಿಲ್ಲಲಿ. ಒಂದು ಫೋನ್ ಮಾಡಿ ಮತ್ತೆ ಬರಲಿ. ಏಜೆಂಟ್‌ಗೆ ಹೇಳಿದ್ದೇವೆ ಅನ್ನುವುದನ್ನು ಉತ್ತರ ಅಂತ ಒಪ್ಪಬೇಡಿ. ಕೊನೆಯ ಗಳಿಗೆಯಲ್ಲಿ, 3 ಗಂಟೆಗೆ ಐದು ನಿಮಿಷ ಇರುವಾಗ ಇದೆಲ್ಲ ಆಗುತ್ತದಾ ಅಂತ ಕೇಳಬಹುದು. ಗಡುವಿನೊಳಗೆ ಕಾಲ್‌ಗೆ ಸಾಲು ಹಚ್ಚಿದವರಿಗೆ ಆ ಐದು ನಿಮಿಷ ಹೆಚ್ಚಿಗೆ ಕೊಡಿ. ನೀವು ವಕೀಲರು, ಇಂಥ ಸಾಲು ಬರೆಯಲು ನಿಮಗೆ ಹೊತ್ತು ಹಿಡಿಯುವುದಿಲ್ಲ.

ಇನ್ನೊಂದು, ಸ್ವಲ್ಪ ಕಷ್ಟದ್ದು. ಗಾಳಿಸುದ್ದಿ ಗಾಳಿಯಿಂದ ಹುಟ್ಟುವುದಿಲ್ಲ. ಬೆಲೆ ಎಷ್ಟು ಬರಬಹುದು ಅಂತ ನೋಡಲು ತಂಡದವರೇ ಹೆಸರನ್ನು ಮೆಲ್ಲಗೆ ಹೊರಗೆ ಬಿಡುತ್ತಾರೆ ಅನ್ನುವುದು ಈ ಆಟ ನೋಡುವ ಎಲ್ಲರಿಗೂ ಅನ್ನಿಸಿದೆ. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ ನಮ್ಮ ಕಡೆ. ಅಲ್ಲಾದರೂ ಟವೆಲ್ ಇರುತ್ತದೆ. ಇಲ್ಲಿ ಟಿವಿಯವರು 'ಟ್ರೇಡ್ ಬೇಟ್' ಅಂತ ಪಟ್ಟಿ ಮಾಡಿ ಒಂದು, ಎರಡು, ಮೂರು ಅಂತ ನಂಬರ್ ಹಾಕುತ್ತಾರೆ. ಬೇಟ್ ಅಂದರೆ ಗಾಳಕ್ಕೆ ಚುಚ್ಚುವ ಹುಳು. ಮನುಷ್ಯನಿಗೆ ಇಡುವ ಹೆಸರಾ ಇದು? ಖಾಸಗಿ ಚಾನೆಲ್‌ಗಳ ಬಾಯಿ ಮುಚ್ಚಿಸಿ ಅಂತ ನಾನು ಕೇಳಲಾರೆ, ಮುಚ್ಚಿಸಲೂಬಾರದು. ಆದರೆ ಲೀಗಿಗೆ ಸ್ವಂತ ಚಾನೆಲ್ ಇದೆ, ವೆಬ್‌ಸೈಟ್ ಇದೆ. ಅಲ್ಲಾದರೂ ಆಗದ ಟ್ರೇಡಿನ ಬಗ್ಗೆ ಗಂಟೆಗಟ್ಟಲೆ ಕಥೆ ಕಟ್ಟುವುದನ್ನು ಬಿಡಿ. ಮಾತಾಡುವುದಿದ್ದರೆ ಆದದ್ದರ ಬಗ್ಗೆ ಮಾತಾಡಿ.

ಮೂರನೆಯದು ಚಿಕ್ಕದು. ಹತ್ತು ವರ್ಷ ಆಡಿದವರಿಗೆ, ಸ್ಕೂಲಿಗೆ ಹೋಗುವ ಮಕ್ಕಳಿರುವವರಿಗೆ, ಹೊಸ ಊರು ಸೇರಲು ಎರಡು ದಿನ ಜಾಸ್ತಿ ಕೊಡಿ. ಒಳ್ಳೆಯ ತಂಡಗಳು ಈಗಲೂ ಕೊಡುತ್ತವೆ. ಎಲ್ಲರೂ ಕೊಡುವ ಹಾಗೆ ಆಗಲಿ.

ನನ್ನ ಹಾಗೆ ಫೋನ್ ಹಿಡಿದು ಕೂರುವವರಿಗೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಪತ್ರ ಒಂದು ಕಡೆಗೆ ವಾಲುತ್ತದೆ. ನಾವು ಓದುತ್ತೇವೆ, ಅದಕ್ಕೇ ಅವರು ಬರೆಯುತ್ತಾರೆ. ಆ 'ಹೋದನಂತೆ' ಮೆಸೇಜ್ ಹಾಕಿದ ದಿನ ನಮ್ಮ ಗುಂಪಿನಲ್ಲಿ 140 ಜನ ಇದ್ದರು. ಅದು ಇನ್ನೆಲ್ಲಿಗೆ ಹೋಯಿತೋ ನನಗೆ ಗೊತ್ತಿಲ್ಲ. ನಮ್ಮಪ್ಪನಿಗೆ ಸುರಪುರದ ಸುದ್ದಿ ಹೇಳಿದ ಹೋಟೆಲಿನವನನ್ನು ನಾನು ಬಹಳ ವರ್ಷ ಬೈದುಕೊಂಡಿದ್ದೆ. ಅವನಿಗೂ ಯಾರೋ ಹೇಳಿದ್ದರು, ಅವನೂ ಮುಂದಕ್ಕೆ ಹೇಳಿದ. ಆ ಮಾರ್ಚ್ ತಿಂಗಳಲ್ಲಿ ನಾನು ಮಾಡಿದ್ದೂ ಅದೇ.

2025ರ ಸೆಪ್ಟೆಂಬರ್‌ನಲ್ಲಿ ಫ್ಲೂರಿ ಒಂದೇ ಒಂದು ಅಭ್ಯಾಸ ಪಂದ್ಯಕ್ಕೆ ಪೆಂಗ್ವಿನ್ಸ್ ಜರ್ಸಿ ಹಾಕಿಕೊಂಡು ವಾಪಸ್ ಬಂದಿದ್ದ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವನು ಈ ಊರು ಬಿಟ್ಟಾಗ ಅವಳಿಗೆ ಆರು ವರ್ಷ. ಮೂರನೇ ಪೀರಿಯಡ್‌ನಲ್ಲಿ ಅವನು ಮಂಜಿನ ಮೇಲೆ ಕಾಲಿಟ್ಟಾಗ ಇಡೀ ಅರೇನಾ ಎದ್ದು ನಿಂತಿತು. ಅವನ ಹೆಸರನ್ನು ಅದೇ ಹಳೆಯ ರಾಗದಲ್ಲಿ ಕೂಗಿದೆವು. ಗಂಟಲು ಕಟ್ಟಿತು. ಆ ಸಲ ಅವನು ಎಲ್ಲಿಗೆ ಹೋಗುತ್ತಾನೆ ಅಂತ ಯಾರೂ ಕೇಳಲಿಲ್ಲ, ಮನೆಗೆ ಅಂತ ಎಲ್ಲರಿಗೂ ಗೊತ್ತಿತ್ತು.

ಬೆಟ್‌ಮನ್ ಅವರೇ, ನೀವು ಕಪ್ ಕೊಡಲು ಬಂದಾಗಲೆಲ್ಲ ಜನ ನಿಮ್ಮನ್ನು ಬೂ ಅನ್ನುತ್ತಾರೆ. ನಾನೂ ಒಂದೆರಡು ಸಲ ಅಂದಿದ್ದೇನೆ, ಗುಂಪಿನ ಜೊತೆ. ಟ್ರೇಡ್ ಕಾಲ್‌ಗೆ ಆ ಒಂದು ಪ್ರಶ್ನೆ ಸೇರಿಸಿದರೆ ಮುಂದಿನ ಸಲ ನನ್ನ ಸೀಟಿನಿಂದ ಚಪ್ಪಾಳೆ ಬರುತ್ತದೆ. ಈ ಪತ್ರವನ್ನು ಮಗಳು ಇಂಗ್ಲಿಷಿಗೆ ಮಾಡಿಕೊಡುತ್ತಾಳೆ. ಎರಡೂ ಪ್ರತಿಗಳನ್ನು ನಿಮ್ಮ ನ್ಯೂಯಾರ್ಕ್ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ನಿಮ್ಮ ವಿಶ್ವಾಸಿ,
ಪಿಟ್ಸ್‌ಬರ್ಗಿನ ಒಬ್ಬ ಕನ್ನಡಿಗ